ಇಳಿವಯಸ್ಸಿನ ನೆಲೆ ಎಲ್ಲಿ?

ಮನುಷ್ಯನು ದುಡಿಯುವ ಕಾಲದಲ್ಲಿ ಕೆಲಸ ಎಲ್ಲಿ ದೊರಕಿತೋ ಅಲ್ಲಿ ವಾಸಮಾಡುವನು. ಆಗ ನೆಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗೆ ಅಷ್ಟಾಗಿ ಇರುವುದಿಲ್ಲ. ಉದ್ಯೋಗದಿಂದ ನಿವೃತ್ತನಾದ ಮೇಲೆ, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ, 'ಉಳಿದ ಆಯುಷ್ಯವನ್ನು ಎಲ್ಲಿ ಕಳೆಯಲಿ?' ಎಂಬ ಪ್ರಶ್ನೆ ಅವನ ಮುಂದೆ ಬಂದು ನಿಲ್ಲುವುದು. ಪ್ರಾಚೀನರು ಇದಕ್ಕೆ ವಾನಪ್ರಸ್ಥವೆಂದು ಉತ್ತರವಿತ್ತರು. ಅನಂತರದವರಲ್ಲಿ ಅನೇಕರು ಕಾಶೀವಾಸವೆಂದರು. ನಮ್ಮ ಕಾಲದಲ್ಲಿ ಮೂರನೆಯದೊಂದು ಉತ್ತರ ಹುಟ್ಟಿಕೊಂಡಿದೆ: ಕೈಯಲ್ಲಿರುವ ಹಣ ಯಾವ ದೇಶದಲ್ಲಿ ಹೆಚ್ಚು ದಿನ ಬಾಳುವುದೋ ಆ ದೇಶಕ್ಕೆ ಹೋಗಿ ನೆಲೆಸುವುದು.

ಅಮೆರಿಕ, ಯೂರೋಪುಗಳ ನಿವೃತ್ತರು ತಮ್ಮ ಪಿಂಚಣಿಯನ್ನು ಹಿಡಿದುಕೊಂಡು ಥಾಯ್ಲೆಂಡ್, ಮಲೇಷ್ಯ, ಫಿಲಿಪ್ಪೀನ್ಸ್ ಮೊದಲಾದ ಏಷ್ಯದ ನಾಡುಗಳಿಗೆ ಹೋಗಿ ವಾಸಮಾಡುವುದು ಈಗ ಸಾಮಾನ್ಯವಾಗಿದೆ. ಆ ಸರ್ಕಾರಗಳೂ ಅದಕ್ಕೆ ತಕ್ಕ ನಿಯಮಗಳನ್ನು ಮಾಡಿವೆ. ಮಲೇಷ್ಯದವರು ಇಂಥ ಯೋಜನೆಯೊಂದನ್ನು 2002ರಲ್ಲಿ ಆರಂಭಿಸಿದರು. ಥಾಯ್ಲೆಂಡಿನಲ್ಲಿ 50 ವರ್ಷ ತುಂಬಿದವರು ಅಲ್ಲಿಯ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿಯನ್ನಾಗಲಿ, ತಿಂಗಳಿಗೆ 65,000 ಬಾತ್ ವರಮಾನವನ್ನಾಗಲಿ ತೋರಿಸಿದರೆ ವರ್ಷವರ್ಷಕ್ಕೂ ವಾಸದ ಅನುಮತಿ ದೊರೆಯುವುದು. ನಮ್ಮ ನೆರೆಯ ನೇಪಾಳಕ್ಕೆ ಹೋಗಿ ನೆಲೆಸಲು ಭಾರತೀಯನಿಗೆ, 1950ರ ಒಪ್ಪಂದದಂತೆ, ಅಷ್ಟೂ ತೊಡಕಿಲ್ಲ. ಮಕ್ಕಳು ಪರದೇಶಗಳಲ್ಲಿ ನೆಲೆಸಿರುವ ಕನ್ನಡದ ಸಂಸಾರಗಳಲ್ಲಿಯೂ, ಬೆಂಗಳೂರಿನ ಬಾಡಿಗೆಗೂ ವೈದ್ಯದ ವೆಚ್ಚಕ್ಕೂ ಬೆದರಿದ ನಿವೃತ್ತರಲ್ಲಿಯೂ, ಈ ಮಾತು ಕೇಳಿಬರುತ್ತಿದೆ. ಲಿಂಗವಂತ ಗೃಹಸ್ಥನಿಗೆ ಇದು ಯುಕ್ತವೆ? ಇದೇ ನಮ್ಮ ವಿಚಾರ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳೋಣ. ಶರಣಧರ್ಮವು ಮಣ್ಣಿಗೆ ಕಟ್ಟುಬಿದ್ದ ಧರ್ಮವಲ್ಲ. ಇಷ್ಟಲಿಂಗವು ಅಂಗದ ಮೇಲಿರುವಾಗ ಲಿಂಗವಂತನಿಗೆ ಪರದೇಶವೆಂಬುದೇ ಇಲ್ಲ. ಕ್ಷೇತ್ರಗಳಲ್ಲಿ ಮಾತ್ರ ದೇವರಿದ್ದಾನೆಂಬುದನ್ನು ಶರಣರು ಒಪ್ಪಲಿಲ್ಲ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಅವರಲ್ಲಿ ಬಹುಮಂದಿ ಹುಟ್ಟಿದೂರನ್ನು ಬಿಟ್ಟವರೇ. ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದರು. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದರು. ಹೀಗಿರುವಾಗ ಮಕ್ಕಳಿಗೆ ಭಾರವಾಗದೆ, ಸಾಲಮಾಡದೆ, ತನ್ನ ಅಲ್ಪಧನದಲ್ಲಿಯೇ ಮರ್ಯಾದೆಯಿಂದ ಬಾಳಬೇಕೆಂದು ಒಬ್ಬನು ದೂರದೇಶಕ್ಕೆ ಹೋದರೆ ಅದರಲ್ಲಿ ದೋಷವೇನು?

ಈ ವಾದದಲ್ಲಿ ಸತ್ಯಾಂಶ ಬಹಳವಿದೆ. ಊರು ಬಿಡುವುದು ಪಾಪವೆಂದು ನಾವು ಹೇಳಲಾರೆವು. ಶರಣರ ಚರಿತ್ರೆಯನ್ನು ಓದಿದ ಯಾರೂ ಹೇಳಲಾರರು. ಆದರೆ ಅದೇ ಚರಿತ್ರೆ ನಮ್ಮನ್ನು ಇನ್ನೊಂದು ಪ್ರಶ್ನೆಗೆ ಒಯ್ಯುವುದು. ಶರಣರು ಊರು ಬಿಟ್ಟದ್ದು ಯಾತಕ್ಕೆ?

ಮೋಳಿಗೆಯ ಮಾರಯ್ಯನವರ ಕಥೆ ಇಲ್ಲಿ ಕೈಮರದಂತಿದೆ. ಅವರು ಕಾಶ್ಮೀರದ ಅರಸರಾಗಿದ್ದರೆಂದೂ, ಕಲ್ಯಾಣದ ಶರಣರ ಕೀರ್ತಿಯನ್ನು ಕೇಳಿ ರಾಜ್ಯವನ್ನು ತೊರೆದು ಪತ್ನಿ ಮಹಾದೇವಿಯೊಡನೆ ಇತ್ತ ಬಂದರೆಂದೂ ಸಂಪ್ರದಾಯ ಹೇಳುತ್ತದೆ. ಇಳಿವಯಸ್ಸಿನಲ್ಲೋ ನಡುವಯಸ್ಸಿನಲ್ಲೋ, ಹುಟ್ಟಿದ ನಾಡನ್ನು ಬಿಟ್ಟು, ಭಾಷೆ ತಿಳಿಯದ ಸೀಮೆಗೆ ಬಂದು, ಅತ್ಯಲ್ಪ ವರಮಾನದಲ್ಲಿ ಬಾಳಿದ ದಂಪತಿಗಳು ಇವರು. ಹೊರನೋಟಕ್ಕೆ ಇಂದಿನ ಪರದೇಶವಾಸಿಗೂ ಇವರಿಗೂ ಸಾಮ್ಯ ಕಾಣುವುದು. ಒಳಹೊಕ್ಕು ನೋಡಿದರೆ ಎರಡೂ ತಲೆಕೆಳಗು. ಇಂದಿನವನು ತನ್ನ ಸುಖವನ್ನು ಕಡಮೆ ಬೆಲೆಗೆ ಉಳಿಸಿಕೊಳ್ಳಲು ಹೋಗುವನು. ಮಾರಯ್ಯನವರು ಸುಖವನ್ನು ಬಿಟ್ಟು ಸಂಗವನ್ನು ಅರಸಿಕೊಂಡು ಬಂದರು. ಇಂದಿನವನು ದುಡಿಮೆ ಮುಗಿಯಿತೆಂದು ಹೋಗುವನು. ಮಾರಯ್ಯನವರು ಬಂದಮೇಲೆ ದುಡಿಮೆಯನ್ನು ಆರಂಭಿಸಿದರು. ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ, ಬಂದದ್ದರಲ್ಲಿ ಜಂಗಮದಾಸೋಹ ನಡೆಸಿದರು. ಬಸವಣ್ಣನವರು ಮರೆಯಾಗಿ ಇಟ್ಟುಹೋದ ಹೊನ್ನನ್ನು ಕೂಡ ತಮ್ಮದೆಂದು ಮುಟ್ಟಲಿಲ್ಲ.

ಇಲ್ಲಿ ಥಾಯ್ಲೆಂಡಿನ ನಿಯಮವೊಂದನ್ನು ನೆನೆಯಬೇಕು. ನಿವೃತ್ತನೆಂದು ಅನುಮತಿ ಪಡೆದು ನೆಲೆಸಿದವನು ಅಲ್ಲಿ ಉದ್ಯೋಗಮಾಡಕೂಡದು. ತೊಂಬತ್ತು ದಿನಕ್ಕೊಮ್ಮೆ ತನ್ನ ವಿಳಾಸವನ್ನು ಅಧಿಕಾರಿಗಳಿಗೆ ತಿಳಿಸುತ್ತಿರಬೇಕು. ಆ ದೇಶ ತನ್ನ ಜನರ ಕೆಲಸವನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ನಿಯಮವಿದು, ಅದನ್ನು ದೂರುವಂತಿಲ್ಲ. ಆದರೆ ಲಿಂಗವಂತನು ಇದರ ಅರ್ಥವನ್ನು ಚಿಂತಿಸಬೇಕು. ಅವನು ಅಲ್ಲಿ ಕೊಳ್ಳಬಹುದು, ಉಣ್ಣಬಹುದು, ಸೇವೆ ಮಾಡಿಸಿಕೊಳ್ಳಬಹುದು. ಕಾಯಕ ಮಾತ್ರ ಮಾಡುವಂತಿಲ್ಲ. ಕಾಯಕವಿಲ್ಲದೆ ದಾಸೋಹವೆಲ್ಲಿ? ದಾಸೋಹವಿಲ್ಲದ ಪ್ರಸಾದವೆಲ್ಲಿ?

ಎಪ್ಪತ್ತರ ಮುದುಕನು ಕಟ್ಟಿಗೆ ಹೊರಲಾರನು, ಅವನಿಗೆ ವಿಶ್ರಾಂತಿ ಬೇಡವೆ, ಎಂದು ಕೇಳಬಹುದು. ವಿಶ್ರಾಂತಿ ಬೇಕು. ಆದರೆ ಸಂಬಳದಿಂದ ನಿವೃತ್ತಿಯುಂಟು, ಕಾಯಕದಿಂದ ನಿವೃತ್ತಿಯಿಲ್ಲ. ಇದನ್ನು ತಿಳಿಯಲು ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯೊಂದನ್ನು ಹೊಕ್ಕು ನೋಡಿ. ಮಗ ಮಗ್ಗದಲ್ಲಿ ಕುಳಿತಿದ್ದರೆ ಮುದುಕಿ ತಾಯಿ ಮೂಲೆಯಲ್ಲಿ ನೂಲು ಸುತ್ತುತ್ತಿರುವಳು. ಚಳ್ಳಕೆರೆಯ ಸೀಮೆಯಲ್ಲಿ ಕಂಬಳಿ ನೇಯುವವರ ಹಟ್ಟಿಗಳಲ್ಲಿ ಕಣ್ಣು ಮಂಜಾದ ಅಜ್ಜಿಯೂ ಉಣ್ಣೆಯನ್ನು ನೂಲುವಳು. ಆಕೆಯನ್ನು ಯಾರೂ ನಿವೃತ್ತಳೆನ್ನುವುದಿಲ್ಲ, ಯಾರೂ ಹೊರೆಯೆನ್ನುವುದಿಲ್ಲ. ಆ ನೂಲಿನ ಬೆಲೆ ಅಲ್ಪವಿರಬಹುದು; ಆ ನೂಲಿನಿಂದ ಆಕೆ ಮನೆಗೆ ಹೊಂದಿಕೊಂಡಿರುವಳು. ನಮ್ಮ ನಿವೃತ್ತ ಗುಮಾಸ್ತರಿಗೂ ಉಪಾಧ್ಯಾಯರಿಗೂ ವರ್ತಕರಿಗೂ ಇಂಥ ನೂಲು ಬೇಕು. ಓಣಿಯ ಮಗುವಿಗೆ ಲೆಕ್ಕ ಹೇಳಿಕೊಡುವುದು, ಅಕ್ಷರ ಬಾರದ ನೆರೆಯವಳಿಗೆ ಅರ್ಜಿ ಬರೆದುಕೊಡುವುದು, ಮಠದ ದಾಸೋಹದ ಲೆಕ್ಕವನ್ನು ನೋಡುವುದು, ಹಾಸಿಗೆ ಹಿಡಿದವರ ಬಳಿ ಕುಳಿತು ವಚನಗಳನ್ನು ಓದಿಹೇಳುವುದು, ಇವೆಲ್ಲ ಕಾಯಕಗಳೇ. ಇವಕ್ಕೆ ಬೇಕಾದದ್ದು ದೇಹಬಲಕ್ಕಿಂತ ಹೆಚ್ಚಾಗಿ ಭಾಷೆ, ಪರಿಚಯ, ನಂಬಿಕೆ. ಇವು ಮೂರೂ ನಲವತ್ತು ವರ್ಷದ ಬಾಳ್ವೆಯಿಂದ ಗಳಿಸಿದ ಆಸ್ತಿ. ಯಾವ ಬ್ಯಾಂಕಿನ ಮೂಲಕವೂ ಅದನ್ನು ಇನ್ನೊಂದು ದೇಶಕ್ಕೆ ವರ್ಗಾಯಿಸಲಾಗುವುದಿಲ್ಲ.

ಎರಡನೆಯ ವಿಚಾರ ಅಗ್ಗವೆಂಬುದರದು. ಮೇಲೆ ಹೇಳಿದ 8,00,000 ಬಾತ್ ಎಂದರೆ ನಮ್ಮ ಹಣದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಹೆಚ್ಚು. ತಿಂಗಳ 65,000 ಬಾತ್ ಎಂದರೆ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಅಮೆರಿಕದ ನಿವೃತ್ತನಿಗೆ ಇದು ಅಲ್ಪವ್ಯಯ. ಚಳ್ಳಕೆರೆಯ ಎಣ್ಣೆಗಿರಣಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನಿಗೆ ಇದು ಕನಸಿನ ಗಂಟು. ಆದುದರಿಂದ ಅಗ್ಗವೆಂಬುದು ದೇಶದ ಗುಣವಲ್ಲ. ಇಬ್ಬರ ವರಮಾನಗಳ ನಡುವಣ ಅಂತರಕ್ಕೆ ಇಟ್ಟ ಹೆಸರು. ಒಬ್ಬನಿಗೆ ಬಾಳುವೆ ಅಗ್ಗವಾಗಿ ತೋರಿದರೆ, ಅವನ ಬಟ್ಟೆ ಒಗೆಯುವವಳ, ಅಡಿಗೆ ಮಾಡುವವಳ, ರೋಗದಲ್ಲಿ ಶುಶ್ರೂಷೆ ಮಾಡುವವಳ ಕೂಲಿ ಅಗ್ಗವೆಂದು ಅರ್ಥ. ಇದು ಪರದೇಶಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಬೆಂಗಳೂರಿನಲ್ಲಿ ಮನೆ ಮಾರಿ ಬಯಲುಸೀಮೆಯ ಊರೊಂದಕ್ಕೆ ಬಂದು 'ಇಲ್ಲಿ ಆಳುಕಾಳು ಸೋವಿ' ಎಂದು ಸಂತೋಷಪಡುವವನೂ ಇದನ್ನು ಯೋಚಿಸಬೇಕು. ಆ ಆಳೂ ಶಿವನ ಸ್ವರೂಪವೆಂದು ನಂಬಿದವರಿಗೆ ಸೋವಿಯೆಂಬ ಮಾತು ನಾಲಗೆಯ ಮೇಲೆ ಅಷ್ಟು ಸುಲಭವಾಗಿ ಬರಕೂಡದು. ಅಲ್ಲಿ ಹೋಗಿ ನೆಲೆಸಿದವನು ಆ ಕೂಲಿಯನ್ನು ನ್ಯಾಯವಾಗಿ ಕೊಟ್ಟು, ಅವರ ಕಷ್ಟಸುಖಗಳಿಗೆ ಒದಗಿದರೆ ದೋಷ ಕಳೆಯುವುದು; ಇಲ್ಲವಾದರೆ ಅವನ ಮಿತವ್ಯಯ ಇನ್ನೊಬ್ಬರ ಬಡತನದ ಮೇಲೆ ನಿಂತ ಸುಖ.

ಮಿತವ್ಯಯಕ್ಕೂ ಅಲ್ಪತೃಪ್ತಿಗೂ ಇರುವ ಭೇದವನ್ನು ಆಯ್ದಕ್ಕಿ ಲಕ್ಕಮ್ಮನವರು ಕಲಿಸಿದ್ದಾರೆ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆ ತಾಯಿ ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು. ಹಣ ಎಷ್ಟು ದೂರ ಹೋದೀತು ಎಂಬುದು ಮಿತವ್ಯಯದ ಲೆಕ್ಕ. ನನಗೆ ಎಷ್ಟು ಸಾಕು ಎಂಬುದು ಲಕ್ಕಮ್ಮನವರ ಲೆಕ್ಕ. ಮೊದಲನೆಯ ಲೆಕ್ಕದವನು ಅಗ್ಗದ ದೇಶಕ್ಕೆ ಹೋದರೂ ಬಯಕೆಗಳು ಅಲ್ಲಿಯೂ ಬೆಳೆದು ಹಣ ಮತ್ತೆ ಸಾಲದಾಗುವುದು. ಎರಡನೆಯ ಲೆಕ್ಕವನ್ನು ಕಲಿತವನಿಗೆ ಅನೇಕ ವೇಳೆ ತನ್ನ ಊರೇ ಸಾಕಾದಷ್ಟು ಅಗ್ಗವಾಗಿ ಕಾಣುವುದು.

ಮೂರನೆಯದು ಮಕ್ಕಳ ವಿಚಾರ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ರೈಸ್ ಅವರು ಅವನ್ನು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಬ್ರಹ್ಮಗಿರಿಯ ಬಂಡೆಯ ಬೋಧೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನ ಮಾಡುವ ಸಣ್ಣವನಿಗೂ ದೊರೆಯುವುದೆಂದೂ ಅಲ್ಲಿದೆ. ಅದನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ಸೀಮೆಯ ಖರೋಷ್ಠೀ ಲಿಪಿಯಲ್ಲಿ ಕೊರೆದಿದ್ದಾನೆ. ಅಷ್ಟು ದೂರದ ಲಿಪಿಯನ್ನು ಬಲ್ಲವನ ಕೈಕೆಲಸ ಈ ನಮ್ಮ ಬಂಡೆಗಳ ಮೇಲೆ ಇಂದಿಗೂ ನಿಂತಿದೆ. ಪರಸ್ಥಳಕ್ಕೆ ಬಂದವನು ಆ ಸ್ಥಳಕ್ಕೆ ಏನನ್ನು ಕೊಟ್ಟನೆಂಬುದರಿಂದ ಅವನ ನೆನಪು ಉಳಿಯುವುದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಸಂಚಾರಮಾಡುತ್ತ ಬಂದು ಈ ಬರದ ಸೀಮೆಯಲ್ಲಿ ನಿಂತರು. ಕೆರೆಗಳನ್ನು ಕಟ್ಟಿಸಿದರೆಂದು ಜನ ಇಂದಿಗೂ ಕೈಮುಗಿಯುವರು. ಅವರು ಹುಟ್ಟಿದ್ದು ಎಲ್ಲಿ ಎಂದು ಕೆರೆಯ ನೀರು ಕುಡಿದವರಾರೂ ಕೇಳುವುದಿಲ್ಲ.

ತಾಯಿತಂದೆಗಳ ಸೇವೆ ಮಕ್ಕಳ ಧರ್ಮ. ಅದು ತಪ್ಪಿದ್ದರಿಂದಲೇ 2007ರಲ್ಲಿ ತಂದೆತಾಯಿಗಳ ಪೋಷಣೆಗಾಗಿ ಕಾಯಿದೆಯೊಂದು ಹುಟ್ಟಬೇಕಾಯಿತು. ನೋಡಿಕೊಳ್ಳುವೆನೆಂಬ ಕರಾರಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನು ರದ್ದುಮಾಡಿಸಲು ಅದರಲ್ಲಿ ಅವಕಾಶವಿದೆ. ಹಿರಿಯರು ಇದನ್ನು ತಿಳಿದಿರಬೇಕು. ಆದರೆ ಹಿರಿಯರಿಗೂ ಒಂದು ಧರ್ಮವುಂಟು. ಮಕ್ಕಳಿಗೆ ಭಾರವಾಗಬಾರದೆಂಬ ಮಾತು ಕೇಳಲು ಉದಾರವಾಗಿದೆ. ಅದರ ಒಳಗೆ ಕೆಲವೊಮ್ಮೆ ಅಭಿಮಾನ ಅಡಗಿರುವುದು. ಸೇವೆಯನ್ನು ಮಾಡುವುದು ಎಷ್ಟು ಕಷ್ಟವೋ ಸೇವೆಯನ್ನು ವಿನಯದಿಂದ ಸ್ವೀಕರಿಸುವುದೂ ಅಷ್ಟೇ ಕಷ್ಟ. ತಂದೆ ದೂರದ ದೇಶದಲ್ಲಿ ಕೂಲಿಯ ದಾದಿಯ ಕೈಯಲ್ಲಿ ನೀರು ಕುಡಿದರೆ ಮಗನಿಗೆ ಖರ್ಚು ಉಳಿಯಬಹುದು; ಆ ನೀರನ್ನು ಕೊಡುವ ಪುಣ್ಯವೂ ಅವನ ಕೈತಪ್ಪುವುದು. ಮೊಮ್ಮಕ್ಕಳು ಲಿಂಗಪೂಜೆಯನ್ನು ಕಣ್ಣಿನಿಂದ ಕಂಡು ಕಲಿಯುವುದು ಅಜ್ಜನ ಪಕ್ಕದಲ್ಲಿ.

ಕೊನೆಯ ಸಂಗತಿಯನ್ನೂ ಮರೆಮಾಡದೆ ಹೇಳಬೇಕು. ನಮ್ಮಲ್ಲಿ ಲಿಂಗೈಕ್ಯರಾದವರಿಗೆ ಸಮಾಧಿಯ ಸಂಸ್ಕಾರ. ಬೌದ್ಧರ ನಾಡಾದ ಥಾಯ್ಲೆಂಡಿನಲ್ಲಿ ದಹನವೇ ರೂಢಿ. ಅಲ್ಲಿ ಮೂರಡಿ ನೆಲಕ್ಕೂ ವಿಭೂತಿ ಇಡುವ ಕೈಗೂ ಮೊದಲೇ ಏರ್ಪಾಡು ಮಾಡಿಕೊಳ್ಳದಿದ್ದರೆ ಉಳಿದ ಸಂಗಾತಿಯ ಪಾಡೇನು? ಹೋದವರಿಗೆ ಭಯವಿಲ್ಲ, ಶರಣನು ಮರಣಕ್ಕೆ ಅಂಜುವವನಲ್ಲ. ಪರಭಾಷೆಯ ಊರಿನಲ್ಲಿ ಒಬ್ಬಂಟಿಯಾಗಿ ನಿಲ್ಲುವ ವೃದ್ಧೆಯ ವಿಚಾರ ಇದು. ಹೊರಡುವ ನಿರ್ಧಾರವನ್ನು ಗಂಡನೊಬ್ಬನೇ ಮಾಡಿದ್ದರೆ ಅದು ಅನ್ಯಾಯ.

ಹಾಗಾದರೆ ಯಾರೂ ಹೋಗಕೂಡದೆ? ಹಾಗಲ್ಲ. ಮಕ್ಕಳಿಲ್ಲದವರು, ಮನೆಯಲ್ಲಿ ತಿರಸ್ಕೃತರಾದವರು, ಪರದೇಶದಲ್ಲಿರುವ ಮಗಳ ಬಳಿ ಇರಬಯಸುವವರು, ಇವರು ಊರನ್ನು ಬಿಟ್ಟರೆ ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಅಂಥವರನ್ನು ಊರು ಉಳಿಸಿಕೊಳ್ಳಲಿಲ್ಲವೇಕೆ ಎಂದು ಊರೇ ನಾಚಬೇಕು. ಹೊರಡುವವರು ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿಕೊಂಡು ಹೊರಡಲಿ. ಅಲ್ಲಿ ನನಗೆ ಸತ್ಸಂಗವುಂಟೆ? ಅಲ್ಲಿ ನಾನು ಮಾಡಬಹುದಾದ ಕಾಯಕವುಂಟೆ? ಅಲ್ಲಿಯವರಿಗೆ ನನ್ನಿಂದ ದಾಸೋಹ ನಡೆದೀತೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಬ್ಯಾಂಕಾಕ್ ಆಗಲಿ ಕಾಠ್ಮಂಡು ಆಗಲಿ, ಅದೇ ಕಲ್ಯಾಣ. ಮೂರಕ್ಕೂ ಇಲ್ಲವೆಂದು ಬಂದರೆ ಹುಟ್ಟಿದೂರಿನ ಜಗಲಿಯೂ ಪರದೇಶವೇ. ಊರಿನಲ್ಲಿದ್ದೇ ನಿಷ್ಕ್ರಿಯರಾಗಿ ಕಾಲವನ್ನು ದೂಡುವವರಿಗೂ ಈ ಮಾತು ಸಲ್ಲುವುದು.

ಬಸವಾದಿಗಳು ಲಿಂಗೈಕ್ಯರಾದ ಬಳಿಕ ಮೋಳಿಗೆಯ ಮಾರಯ್ಯನವರು ಕೈಲಾಸಕ್ಕೆ ಹೋಗಬೇಕೆಂದು ಹಂಬಲಿಸಿದಾಗ, ಹೋಗಿ ಸೇರಬೇಕಾದ ಬೇರೊಂದು ಸ್ಥಳವಿಲ್ಲವೆಂದು ಮಹಾದೇವಮ್ಮನವರು ಅವರನ್ನು ತಿದ್ದಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕಾಶ್ಮೀರದಿಂದ ಕಲ್ಯಾಣದವರೆಗೆ ಪತಿಯೊಡನೆ ನಡೆದುಬಂದ ತಾಯಿಯ ಮಾತು ಅದು. ಅಷ್ಟು ದಾರಿ ನಡೆದವರಿಗೆ ಮಾತ್ರ ಆ ಮಾತನ್ನು ಆಡುವ ಅಧಿಕಾರವಿತ್ತು. ಉಳಿದ ನಾವು ಊರನ್ನು ಬದಲಿಸುವ ಮೊದಲು ನಮ್ಮ ಲೆಕ್ಕವನ್ನು ಬದಲಿಸಲು ಪ್ರಯತ್ನಿಸೋಣ.