ಗ್ಲೌಸ್ ಇದೆ, ನಲ್ಲಿ ದೂರ

ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ಯಾರನ್ನೇ ಕೇಳಿ, ಕೈ ಯಾವಾಗ ತೊಳೆಯಬೇಕೆಂದು ತಡವರಿಸದೆ ಹೇಳುತ್ತಾರೆ. ಪಾಠ ಬಾಯಿಗೆ ಬಂದಿದೆ. ಇನ್ನು ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ದರ್ಶಿನಿಯ ಕೌಂಟರ್ ಮುಂದೆ ನಿಂತು ನೋಡಿ. ಇಡ್ಲಿ ಕೊಡುವ ಹುಡುಗ ಗ್ಲೌಸ್ ಹಾಕಿದ್ದಾನೆ. ಅದೇ ಗ್ಲೌಸಿನಲ್ಲಿ ಟೋಕನ್ ಇಸ್ಕೊಳ್ಳುತ್ತಾನೆ, ಹಣೆಯ ಬೆವರು ಒರೆಸಿಕೊಳ್ಳುತ್ತಾನೆ, ಕಟ್ಟೆ ಒರೆಸುವ ಬಟ್ಟೆ ಹಿಂಡುತ್ತಾನೆ, ಮತ್ತೆ ಇಡ್ಲಿಗೆ ಕೈ ಹಾಕುತ್ತಾನೆ. ಗ್ಲೌಸ್ ಇರುವುದು ಗಿರಾಕಿಯ ಸಮಾಧಾನಕ್ಕೆ. ನಲ್ಲಿ ಇರುವುದು ಹಿಂದೆ, ಪಾತ್ರೆ ತೊಳೆಯುವ ಜಾಗದಲ್ಲಿ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಸಾಲಿನಲ್ಲಿ ನಿಂತವರು ಗದರುತ್ತಾರೆ. ಗದರುವವರು ನಾವೇ.

ಗೊತ್ತಿಲ್ಲದ ಸಂಗತಿಗಳೂ ಇಲ್ಲದಿಲ್ಲ. ರಾತ್ರಿ ತಪ್ಪಲೆಯಲ್ಲೇ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ; ಚೆನ್ನಾಗಿ ಬಿಸಿ ಮಾಡಿದರೆ ಏನೂ ಆಗದು ಎಂಬುದು ಅನೇಕರ ನಂಬಿಕೆ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುತ್ತ ಕೂತಾಗ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಾಣಲೆಗೂ ಜಗ್ಗದು. ಅನ್ನವನ್ನು ಅಗಲ ತಟ್ಟೆಗೆ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಇಡಬೇಕು. ಇಂಥದ್ದನ್ನು ತರಬೇತಿಯಲ್ಲಿ ಹೇಳಿಕೊಡಬಹುದು.

ಆದರೆ ಕಾಯಿಲೆಯಿದ್ದರೂ ಕೆಲಸಕ್ಕೆ ನಿಲ್ಲಿಸುವ ಸಂಬಳದ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರವಿಲ್ಲ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ತಾನು ಗಟ್ಟಿಮುಟ್ಟಾಗಿದ್ದುಕೊಂಡೇ ಟೈಫಾಯಿಡ್ ಹರಡುತ್ತಿದ್ದವಳು. 1907ರಲ್ಲಿ ಹಿಡಿದು ಬೇರೆಯಾಗಿಟ್ಟರು; 1910ರಲ್ಲಿ, ಇನ್ನು ಅಡುಗೆ ಮಾಡುವುದಿಲ್ಲವೆಂದು ಒಪ್ಪಿಸಿ ಬಿಟ್ಟರು. ಬಟ್ಟೆ ಒಗೆದು ನೋಡಿದಳು, ಸಂಬಳ ಅಡುಗೆ ಕೆಲಸದಷ್ಟು ಹುಟ್ಟಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಒಲೆ ಮುಂದೆ ನಿಂತಳು. 1915ರಲ್ಲಿ ಅವಳು ಅಡುಗೆಗಿದ್ದ ಹೆರಿಗೆ ಆಸ್ಪತ್ರೆಯೊಂದರಲ್ಲಿ 25 ಮಂದಿ ಜ್ವರ ಹಿಡಿದು ಮಲಗಿದರು. ತನ್ನೊಳಗೆ ರೋಗವಿದೆ ಎಂಬುದನ್ನು ಅವಳು ಒಪ್ಪಲೇ ಇಲ್ಲ, ಅದೂ ನಿಜ. ಆದರೂ ಆ ಸಂಬಳದ ಲೆಕ್ಕವನ್ನು ಯಾರೂ ಹೆಚ್ಚು ನೆನೆಯುವುದಿಲ್ಲ.

ನಮ್ಮ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಅಂಟುವ ಕಾಯಿಲೆಯಿದ್ದವರನ್ನು ಆಹಾರ ಮುಟ್ಟಲು ಬಿಡಬಾರದು. ಸರಿ. ದಿನಗೂಲಿಯ ಹುಡುಗ "ಹೊಟ್ಟೆ ಸರಿಯಿಲ್ಲ ಅಣ್ಣ" ಅಂದರೆ ಮಾಲೀಕ ರಜೆಯನ್ನೇನೋ ಕೊಟ್ಟಾನು. ಆ ದಿನದ ಕೂಲಿ? ಅದು ಸಿಗದು ಎಂದು ಗೊತ್ತಿರುವ ಹುಡುಗ ಬಾಯಿ ಬಿಡುವುದೇ ಇಲ್ಲ. ಮಾತ್ರೆ ನುಂಗಿ ಚಟ್ನಿ ರುಬ್ಬಲು ನಿಲ್ಲುತ್ತಾನೆ.