ಮಕ್ಕಳ ಕೈಗಳೂ ದೇವರ ವಾಕ್ಯವೂ

(ಓದತಕ್ಕ ಭಾಗ: ಯೆಹೋಶುವ 4ನೆಯ ಅಧ್ಯಾಯ, 1ರಿಂದ 7ನೆಯ ವಚನದ ವರೆಗೆ)



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ಒಣನೆಲದ ಮೇಲೆ ದಾಟಿದ ಸಂಗತಿಯು ನಿಮಗೆಲ್ಲರಿಗೂ ತಿಳಿದದ್ದೇ. ದಾಟಿದ ಕೂಡಲೆ ದೇವರು ಅವರಿಗೆ ಕೊಟ್ಟ ಅಪ್ಪಣೆ ಯಾವದು? ಹಾಡಿರಿ ಎಂದಲ್ಲ, ಬರೆದಿಡಿರಿ ಎಂದೂ ಅಲ್ಲ. ಕುಲಕ್ಕೆ ಒಬ್ಬನಂತೆ 12 ಮಂದಿ ಹೊಳೆಯ ನಡುವಿನಿಂದ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತರಬೇಕೆಂದು ಅಪ್ಪಣೆಯಾಯಿತು. ಆ ಕಲ್ಲುಗಳು ಯಾಕೆ? ಮುಂದೆ ಮಕ್ಕಳು ಅವುಗಳನ್ನು ನೋಡಿ ಅರ್ಥವೇನೆಂದು ಕೇಳಬೇಕು. ಆಗ ಹಿರಿಯರು ದೇವರು ಮಾಡಿದ ಉಪಕಾರವನ್ನು ತಿಳಿಸಬೇಕು. ನಮ್ಮನ್ನು ಉಂಟುಮಾಡಿದಾತನು ಮಕ್ಕಳ ಸ್ವಭಾವವನ್ನು ಚೆನ್ನಾಗಿ ಬಲ್ಲನು. ಬರಿಯ ಮಾತು ಒಂದು ಕಿವಿಯಿಂದ ಬಂದು ಮತ್ತೊಂದರಿಂದ ಹೋಗುವದುಂಟು; ಕಣ್ಣಿಗೆ ಕಂಡದ್ದೂ ಕೈಗೆ ಸಿಕ್ಕಿದ್ದೂ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಪ್ರಶ್ನೆ ಹುಟ್ಟಿದ ಮನಸ್ಸಿನಲ್ಲಿಯೇ ಉತ್ತರವು ಬೇರೂರುತ್ತದೆ.

ಈ ಮಾತನ್ನು ನಾನು ಎತ್ತಿದ್ದು ಬೇಸಿಗೆಯ ರಜೆಯಲ್ಲಿ ನಮ್ಮ ಸಭೆಗಳಲ್ಲಿ ನಡೆಯುವ ಮಕ್ಕಳ ಸತ್ಯವೇದ ಶಾಲೆಯ ವಿಷಯವಾಗಿ. ಇಂಥ ಶಾಲೆಗಳನ್ನು ಲೋಕದಲ್ಲಿ ಹಬ್ಬಿಸಿದವರಲ್ಲಿ ರಾಬರ್ಟ್ ಬೋವಿಲ್ ಎಂಬ ಬ್ಯಾಪ್ಟಿಸ್ಟ್ ಸೇವಕರು ಮುಖ್ಯರು. ನ್ಯೂಯಾರ್ಕ್ ಪಟ್ಟಣದಲ್ಲಿ ಬೇಸಿಗೆಯ ಕಾಲದಲ್ಲಿ ಬಡವರ ಮಕ್ಕಳು ಬೀದಿಗಳಲ್ಲಿ ಅಲೆಯುವದನ್ನೂ, ದೇವಾಲಯಗಳು ಬೀಗ ಹಾಕಿಕೊಂಡು ಬರಿದಾಗಿರುವದನ್ನೂ, ಕಾಲೇಜಿನ ವಿದ್ಯಾರ್ಥಿಗಳು ಸುಮ್ಮನಿರುವದನ್ನೂ ಅವರು ಕಂಡರು. 1901ರಲ್ಲಿ ಈ ಮೂರನ್ನೂ ಕೂಡಿಸಿ ಶಾಲೆಗಳನ್ನು ನಡಿಸಿದರು. ಅಲ್ಲಿ ಹಾಡು, ಪ್ರಾರ್ಥನೆ, ಕಥೆಗಳ ಸಂಗಡ ಕೈಕೆಲಸವೂ ಇತ್ತು. ನಮ್ಮ ಹಳ್ಳಿಗಳಲ್ಲಿಯೂ ಬಿಸಿಲೇರುವದಕ್ಕೆ ಮುಂಚೆ ಮಕ್ಕಳು ದೇವಾಲಯದಲ್ಲಿ ಕೂಡುತ್ತಾರೆ. ಬಣ್ಣದ ಕಾಗದವನ್ನೂ ಅಂಟನ್ನೂ ಪಟ್ಟಣದಿಂದ ತರಿಸುವದಕ್ಕೆ ಹಣವಿಲ್ಲವೆಂದು ಚಿಂತಿಸಬೇಕಾಗಿಲ್ಲ. ಬತ್ತಿದ ಕೆರೆಯಲ್ಲಿ ಜೇಡಿಮಣ್ಣುಂಟು, ಬಣವೆಯಲ್ಲಿ ಜೋಳದ ದಂಟುಂಟು, ಕುರಿ ಕತ್ತರಿಸಿದ ಹಟ್ಟಿಯಲ್ಲಿ ಉಣ್ಣೆಯ ಚೂರುಂಟು. ಸತ್ಯವೇದದ ಎಷ್ಟೋ ಕಥೆಗಳು ಇಂಥ ವಸ್ತುಗಳ ನಡುವೆಯೇ ನಡೆದವುಗಳಲ್ಲವೋ?

ಆದರೆ ಮೊದಲನೆಯ ವರುಷ ನಾನು ಮಕ್ಕಳ ಕೈಗೆ ಮಣ್ಣನ್ನು ಕೊಟ್ಟಾಗ ನಮ್ಮ ಸಭೆಯ ಒಬ್ಬ ವೃದ್ಧರು ಬಾಗಿಲಲ್ಲಿ ನಿಂತು, “ಮಾಸ್ತರ, ನಾವು ಬಿಟ್ಟು ಬಂದದ್ದನ್ನು ನೀವು ನಮ್ಮ ಮಕ್ಕಳ ಕೈಗೆ ತಿರಿಗಿ ಕೊಡುತ್ತೀರೋ?” ಎಂದು ಕೇಳಿದರು. ಅವರ ಮಾತು ಹಗುರವಾದದ್ದಲ್ಲ. ನಮ್ಮ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ದಿವಸ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ಪದ್ಧತಿ ಉಂಟು. ಆ ವೃದ್ಧರು ಬಾಲ್ಯದಲ್ಲಿ ತಮ್ಮ ಕೈಯಿಂದಲೇ ಅವುಗಳನ್ನು ಮಾಡಿದವರು. ಕ್ರಿಸ್ತನನ್ನು ಹಿಂಬಾಲಿಸಿದ್ದಕ್ಕಾಗಿ ಬಂಧುಬಳಗವನ್ನು ಕಳೆದುಕೊಂಡವರು. ನೆರೆಯವರ ಹಬ್ಬವನ್ನು ಹಾಸ್ಯ ಮಾಡುವದು ನಮಗೆ ತಕ್ಕದ್ದಲ್ಲ. ಈ ಹಿರಿಯರ ಭಯವನ್ನು ಹಾಸ್ಯ ಮಾಡುವದು ಅದಕ್ಕಿಂತಲೂ ತಕ್ಕದ್ದಲ್ಲ. ಆದಕಾರಣ ನಾವು ಆ ಸಾಯಂಕಾಲ ದೀಪದ ಬಳಿಯಲ್ಲಿ ಕೂತು ಸತ್ಯವೇದವನ್ನೇ ವಿಚಾರಿಸಿದೆವು.

ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ದೇವರು ವಿಗ್ರಹವನ್ನು ಮಾಡಿ ಅಡ್ಡಬೀಳುವದನ್ನು ನಿಷೇಧಿಸಿದ್ದಾನೆ. ಅದೇ ಪುಸ್ತಕದ 31ನೆಯ ಅಧ್ಯಾಯದಲ್ಲಿ ಬೆಚಲೇಲನನ್ನು ಹೆಸರು ಹಿಡಿದು ಕರೆದು, ಚಿನ್ನ, ಬೆಳ್ಳಿ, ಕಲ್ಲು, ಮರಗಳಲ್ಲಿ ಕೆಲಸಮಾಡುವ ಜಾಣತನವನ್ನು ತನ್ನ ಆತ್ಮದಿಂದಲೇ ತುಂಬಿದ್ದಾನೆ. ಅರಣ್ಯಕಾಂಡದ 21ನೆಯ ಅಧ್ಯಾಯದಲ್ಲಿ ಮೋಶೆಯು ದೇವರ ಅಪ್ಪಣೆಯಿಂದ ತಾಮ್ರದ ಸರ್ಪವನ್ನು ಮಾಡಿಸಿದನು. ಬಹುಕಾಲದ ಮೇಲೆ ಜನರು ಅದಕ್ಕೆ ಧೂಪ ಹಾಕತೊಡಗಿದಾಗ ಅರಸನಾದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು. ಪ್ರವಾದಿಯಾದ ಯೆಹೆಜ್ಕೇಲನಿಗೆ ದೇವರು ಹೇಳಿದ್ದೇನು? ಒಂದು ಇಟ್ಟಿಗೆಯ ಮೇಲೆ ಯೆರೂಸಲೇಮಿನ ರೂಪವನ್ನು ಬರೆದು, ಅದರ ಸುತ್ತಲೂ ಮುತ್ತಿಗೆಯನ್ನು ಕಟ್ಟಿ ಜನರಿಗೆ ತೋರಿಸು ಎಂಬದಾಗಿ. ಹೀಗಿರಲಾಗಿ ತಪ್ಪು ಮಣ್ಣಿನಲ್ಲಿಲ್ಲ, ಕೈಯಲ್ಲಿಯೂ ಇಲ್ಲ. ಬಾಗುವ ಮೊಣಕಾಲಿನಲ್ಲಿ ಇದೆ. ಕಲಿಸುವದಕ್ಕೋಸ್ಕರ ಮಾಡಿದ್ದು ಕಲಿಸುವ ವರೆಗೆ ಒಳ್ಳೇದೇ. ಆ ರಾತ್ರಿಯೇ ನಾವು ಒಂದು ಕಟ್ಟಳೆ ಮಾಡಿಕೊಂಡೆವು: ದೇವರ ರೂಪವನ್ನಾಗಲಿ ಕರ್ತನ ರೂಪವನ್ನಾಗಲಿ ಮಕ್ಕಳಿಂದ ಮಾಡಿಸಬಾರದು, ಕುರಿ, ದೋಣಿ, ಬುಟ್ಟಿ, ರೊಟ್ಟಿ, ಮೀನು ಇವುಗಳನ್ನು ಮಾಡಿಸಬಹುದು, ಉಳಿದ ಮಣ್ಣನ್ನು ಕೆರೆಗೆ ತಿರಿಗಿ ಹಾಕಬೇಕು. ಮಾರಣೆಯ ದಿವಸ ಆ ವೃದ್ಧರೇ ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತಂದರು.

ಇನ್ನು ನನ್ನ ಸ್ವಂತ ತಪ್ಪನ್ನು ಅರಿಕೆಮಾಡುತ್ತೇನೆ. ಒಂದು ವರುಷ ಶಾಲೆಯ ಕಡೇ ದಿವಸಕ್ಕೆ ಸಭಾಪಾಲಕರು ಬರುವವರಾಗಿದ್ದರು. ಮಕ್ಕಳು ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿರುವ ತಪ್ಪಿಹೋದ ಕುರಿಯನ್ನು ಮಣ್ಣಿನಿಂದ ಮಾಡಿ ಉಣ್ಣೆ ಹಚ್ಚಿದ್ದರು. ಆರು ವರುಷದ ಒಬ್ಬ ಹುಡುಗನ ಕುರಿಗೆ ಮೂರೇ ಕಾಲುಗಳು. ಅದು ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ಬೀಳುತ್ತಿತ್ತು. ಅಯ್ಯನವರ ಮುಂದೆ ಇಂಥದನ್ನು ಹೇಗೆ ಇಡಲಿ ಎಂದು ನಾನು ಹಿಂದಣ ರಾತ್ರಿ ಅದಕ್ಕೆ ನಾಲ್ಕನೆಯ ಕಾಲನ್ನು ಅಂಟಿಸಿ, ಮೋರೆಯನ್ನೂ ತಿದ್ದಿ, ಅಂದವಾಗಿ ನಿಲ್ಲಿಸಿದೆನು. ಬೆಳಿಗ್ಗೆ ಹುಡುಗನು ಬಂದು ನೋಡಿ ಅಳುವದಕ್ಕೆ ತೊಡಗಿದನು. “ಇದು ನನ್ನ ಕುರಿ ಅಲ್ಲರೀ ಮಾಸ್ತರ. ನನ್ನ ಕುರಿಯ ಕಾಲು ಮುರಿದಿತ್ತು. ಅದಕ್ಕೇ ಕುರುಬ ಹೆಗಲ ಮೇಲೆ ಹೊತ್ತು ತಂದ” ಎಂದನು.

ಪ್ರಿಯರೇ, ನಾನು ವೇದಶಾಲೆಯಲ್ಲಿ ಓದಿದವನು; ಆ ಸಾಮ್ಯದ ಮೇಲೆ ಎಷ್ಟೋ ಸಾರಿ ಪ್ರಸಂಗ ಮಾಡಿದವನು. ಕುರಿಯ ಕಾಲು ಮುರಿದಿತ್ತೆಂದು ಲೂಕನು ಬರೆದಿಲ್ಲ, ನಿಜ. ಆದರೆ ಕುರುಬನು ಅದನ್ನು ಹೆಗಲ ಮೇಲೆ ಹೊತ್ತನೆಂದು ಬರೆದಿದ್ದಾನೆ. ಯಾಕೆ ಹೊತ್ತನು, ಯಾಕೆ ಅಟ್ಟಿಕೊಂಡು ಬರಲಿಲ್ಲ ಎಂದು ನಾನು ಒಂದು ದಿವಸವೂ ಕೇಳಿಕೊಂಡಿರಲಿಲ್ಲ. ಕುರಿಗಳ ನಡುವೆ ಬೆಳೆದ ಆ ಹುಡುಗನ ಕೈಯು ಮಣ್ಣನ್ನು ಹಿಸುಕುತ್ತಿರುವಾಗಲೇ ಆ ಪ್ರಶ್ನೆಯನ್ನು ಕೇಳಿತ್ತು. ನಡೆಯಲಾರದ್ದನ್ನೇ ಹೊರುವದು ಎಂಬದು ಅವನಿಗೆ ಗೊತ್ತಿತ್ತು. ನಾನಾದರೋ ಮನುಷ್ಯರ ಹೊಗಳಿಕೆಯನ್ನು ಬಯಸಿ ಆ ಕುರಿಗೆ ಕಾಲು ಕೊಟ್ಟೆನು. ಮಗುವು ಕಂಡುಕೊಂಡ ಸುವಾರ್ತೆಯನ್ನು ಅದರ ಕೈಯಿಂದ ಕಿತ್ತುಕೊಂಡೆನು. ಹುಡುಗನ ಮುಂದೆಯೇ ಆ ಕಾಲನ್ನು ತೆಗೆದುಹಾಕಿ, “ತಪ್ಪಾಯಿತಪ್ಪಾ” ಎಂದೆನು. ಅಯ್ಯನವರು ಆ ದಿವಸ ಮೂರು ಕಾಲಿನ ಕುರಿಯನ್ನೇ ಕೈಯಲ್ಲಿ ಹಿಡಿದು, ಹುಡುಗನ ಬಾಯಿಂದಲೇ ಕಥೆಯನ್ನು ಕೇಳಿದರು.

ಇದರಿಂದ ನಾನು ಕಲಿತದ್ದನ್ನು ಮಕ್ಕಳಿಗೆ ಕಲಿಸುವ ಯೌವನಸ್ಥರಿಗೆ ಹೇಳುತ್ತೇನೆ. ಮೊದಲು ಕಥೆಯನ್ನು ಚೆನ್ನಾಗಿ ಹೇಳಿರಿ. ಕಥೆ ಮನಸ್ಸಿಗೆ ಇಳಿಯದೆ ಕೈಗೆ ಕೆಲಸ ಕೊಟ್ಟರೆ ಅದು ಬರಿಯ ಆಟವಾದೀತು. ಒಂದು ದಿವಸಕ್ಕೆ ಒಂದೇ ಕಥೆ, ಒಂದೇ ವಸ್ತು ಸಾಕು. ಕೈಕೆಲಸವು ಕಥೆಯ ಒಳಗಿನಿಂದಲೇ ಹುಟ್ಟಬೇಕು. ಕೂಸಾದ ಮೋಶೆಯ ಪೆಟ್ಟಿಗೆಯನ್ನು ಜೊಂಡಿನಿಂದ ಹೆಣಿಸಿ, ನೀರು ತುಂಬಿದ ಬೋಗುಣಿಯಲ್ಲಿ ತೇಲಬಿಡಿರಿ. ನೀರು ಒಳಗೆ ನುಗ್ಗುವದು. ಆಗ ನೀವು ಕರಗಿಸಿದ ಮೇಣವನ್ನು ಅದಕ್ಕೆ ಬಳಿದು ತಿರಿಗಿ ತೇಲಬಿಡಿರಿ. ತಾಯಿಯು ಪೆಟ್ಟಿಗೆಗೆ ರಾಳವನ್ನೂ ಡಾಂಬರನ್ನೂ ಯಾಕೆ ಹಚ್ಚಿದಳು, ಆಕೆಯ ನಂಬಿಕೆಯು ಎಷ್ಟು ಜಾಗ್ರತೆಯುಳ್ಳದ್ದಾಗಿತ್ತು ಎಂಬದು ಮಕ್ಕಳಿಗೆ ನೀವು ಹೇಳದೆಯೇ ತಿಳಿಯುವದು. ತೀರ ಚಿಕ್ಕವರ ಕೈಗೆ ಸೂಜಿ, ಕತ್ತರಿಗಳನ್ನು ಕೊಡಬೇಡಿರಿ. ಕಾಳುಗಳನ್ನೂ ಮಣಿಗಳನ್ನೂ ಕೊಡಬೇಡಿರಿ, ಯಾಕಂದರೆ ಅವರು ಅವುಗಳನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುವರು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವು ಮಾಡಿದ್ದನ್ನು ತಿದ್ದುವದಕ್ಕೆ ಮುಂಚೆ, “ಇದೇನಪ್ಪಾ, ಹೇಳು” ಎಂದು ಕೇಳಿರಿ. ಹೇಳುವ ವರೆಗೆ ನಿಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ.

ತಂದೆತಾಯಿಗಳೇ, ನಿಮಗೂ ಒಂದು ಮಾತು. ಕೈಕೆಲಸವು ನಮ್ಮ ಸಭೆಗಳಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಾಗ, ಮನೆಮಾರುಗಳನ್ನು ಕಳೆದುಕೊಂಡಿದ್ದ ವಿಶ್ವಾಸಿಗಳು ಜೇಡಿಮಣ್ಣಿನಿಂದಲೇ ಅನ್ನವನ್ನೂ ಮರ್ಯಾದೆಯನ್ನೂ ಕಂಡರು. ನಮ್ಮ ಕರ್ತನು ತಾನೇ ಬಡಗಿಯಾಗಿ ಕೈಯಾರೆ ದುಡಿದನು. ಆದಕಾರಣ ನಿಮ್ಮ ಮಗುವು ಕೈಯೆಲ್ಲ ಮಣ್ಣಾಗಿ ಒಂದು ಸೊಟ್ಟ ದೋಣಿಯನ್ನು ಹೊತ್ತು ಮನೆಗೆ ಬಂದಾಗ ಗದರಿಸಬೇಡಿರಿ, ಅದನ್ನು ತಿಪ್ಪೆಗೆ ಎಸೆಯಬೇಡಿರಿ. ಯೊರ್ದನಿನ ಬಳಿಯಲ್ಲಿ ಮಕ್ಕಳು ಕೇಳಬೇಕಾಗಿತ್ತು, ಹಿರಿಯರು ಹೇಳಬೇಕಾಗಿತ್ತು. ನಮ್ಮಲ್ಲಿ ಅನೇಕರಿಗೆ ಓದು ಬಾರದು. ನಾವೇ ಕೇಳೋಣ, ಮಗುವು ಹೇಳಲಿ. “ಇದೇನು ಮಗಾ?” ಎಂದು ಒಲೆಯ ಮುಂದೆ ಕೂತು ಕೇಳಿದರೆ, ಪುಸ್ತಕವಿಲ್ಲದ ಮನೆಯಲ್ಲಿಯೂ ಆ ರಾತ್ರಿ ದೇವರ ವಾಕ್ಯವು ಓದಲ್ಪಟ್ಟಂತಾಗುವದು. ಕೆಲವು ದಿನಗಳಲ್ಲಿ ಮಣ್ಣಿನ ದೋಣಿಯು ಬಿರಿದು ಪುಡಿಯಾದೀತು. ಆಗಲಿ, ಮಗುವು ಹೇಳಿದ ಕಥೆಯು ಉಳಿಯುವದು.

ಕಡೆಗೆ, ನಾವೆಲ್ಲರೂ ಆ ಮೂರು ಕಾಲಿನ ಕುರಿಯಂಥವರೇ ಎಂಬದನ್ನು ಮರೆಯಬಾರದು. ಅಯ್ಯನವರ ಮುಂದೆ, ನೆರೆಯವರ ಮುಂದೆ ನೆಟ್ಟಗೆ ಕಾಣಬೇಕೆಂದು ನಾವು ನಮಗೆ ಸುಳ್ಳು ಕಾಲುಗಳನ್ನು ಅಂಟಿಸಿಕೊಳ್ಳುತ್ತೇವೆ. ಒಳ್ಳೇ ಕುರುಬನಾದರೋ ನಡೆಯಲಾರದ ನಮ್ಮನ್ನು ಹುಡುಕುತ್ತಾ ಬಂದಿದ್ದಾನೆ. ಆತನ ಹೆಗಲು ಇರುವದು ಅದಕ್ಕಾಗಿಯೇ.

ಪ್ರಾರ್ಥನೆ: ಪರಲೋಕದ ತಂದೆಯೇ, ನಮ್ಮ ಮಕ್ಕಳ ಚಿಕ್ಕ ಕೈಗಳನ್ನು ಆಶೀರ್ವದಿಸು. ಅವರು ನಮಗೆ ತೋರಿಸುವದನ್ನು ನೋಡುವ ಕಣ್ಣನ್ನೂ, ಕೇಳುವ ತಾಳ್ಮೆಯನ್ನೂ ನಮಗೆ ದಯಪಾಲಿಸು. ನಡೆಯಲಾರದ ನಮ್ಮನ್ನು ಹೊತ್ತು ಮನೆಗೆ ಸೇರಿಸು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.