ಪಿತೃಸ್ಮರಣೆಯೂ ಹಾಸ್ಯವೂ

ಗತಿಸಿದ ಹಿರಿಯರನ್ನು ಸ್ಮರಿಸುವಾಗ ಅವರ ನಗೆಯನ್ನೂ ಸ್ಮರಿಸಬಹುದೆ? ಮೇಲುನೋಟಕ್ಕೆ ಇದು ಕ್ಷುಲ್ಲಕವಾದ ಪ್ರಶ್ನೆಯೆಂದು ತೋರಬಹುದು. ಆದರೆ ಪ್ರತಿವರ್ಷವೂ ತಂದೆಯ ಶ್ರಾದ್ಧದ ದಿನ ಇದು ನನ್ನನ್ನು ಬಾಧಿಸುತ್ತ ಬಂದಿದೆಯಾದ್ದರಿಂದ ವಾಚಕರ ಮುಂದಿಡುತ್ತಿದ್ದೇನೆ. ಶ್ರಾದ್ಧದಲ್ಲಿ ತಂದೆ ವಸುರೂಪರು, ಪಿತಾಮಹರು ರುದ್ರರೂಪರು, ಪ್ರಪಿತಾಮಹರು ಆದಿತ್ಯರೂಪರು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿಯೂ ಹೀಗೆಯೇ ಹೇಳಿದೆ. ವಿಧಿಯಲ್ಲಿ ದೋಷವನ್ನೆಣಿಸುವಷ್ಟು ಧಾರ್ಷ್ಟ್ಯ ನನಗಿಲ್ಲ. ಆದರೆ ನಮ್ಮ ತಂದೆಯವರನ್ನು ವಸುರೂಪದಲ್ಲಿ ಭಾವಿಸಲು ಕುಳಿತಾಗಲೆಲ್ಲ ಕಣ್ಣಿಗೆ ಕಟ್ಟುವವರು ಬೇರೊಬ್ಬರು: ಮೈತುಂಬ ಮರದ ಹೊಟ್ಟು, ಕಿವಿಯ ಸಂದಿಯಲ್ಲಿ ಮೋಟು ಸೀಸದಕಡ್ಡಿ, ಎರಡು ಕೈಗಳಿಂದಲೂ ಪಕ್ಕೆ ಹಿಡಿದುಕೊಂಡು ನಗುತ್ತಿರುವ ಬಡಗಿ.

ಗಾಡಿಯ ಚಕ್ರ ಮಾಡುವುದರಲ್ಲಿ ಅವರು ಸುತ್ತಣ ಹಳ್ಳಿಗಳಿಗೆಲ್ಲ ಹೆಸರಾದವರು. ರಬ್ಬರ್ ಚಕ್ರದ ಗಾಡಿಗಳೂ ಟ್ರ್ಯಾಕ್ಟರುಗಳೂ ನಮ್ಮ ಸೀಮೆಯಲ್ಲಿ ಇನ್ನೂ ವಿರಳವಾಗಿದ್ದ ಕಾಲ ಅದು. ನಡುವೆ ಗುಂಬ, ಅದರಿಂದ ಹೊರಟ ಹನ್ನೆರಡು ಅರೆಗಳು, ಎರಡೆರಡು ಅರೆಗಳಿಗೆ ಒಂದರಂತೆ ಸುತ್ತಲೂ ಆರು ಬಾಗುಮರದ ತುಂಡುಗಳು, ಅವೆಲ್ಲವನ್ನೂ ಬಿಗಿಯುವ ಕಬ್ಬಿಣದ ಪಟ್ಟಿ. ಮಾತಿನಲ್ಲಿ ಹೇಳುವುದಾದರೆ ಇಷ್ಟೇ. ಆದರೆ ಗುಂಬದಲ್ಲಿ ತೋಡಿದ ರಂಧ್ರ ಕೂದಲೆಳೆಯಷ್ಟು ಸಡಿಲವಾದರೆ ಅರೆ ಅಲುಗುತ್ತದೆ, ತೀರ ಬಿಗಿಯಾದರೆ ಗುಂಬವೇ ಸೀಳುತ್ತದೆ. ಆ ರಂಧ್ರಗಳನ್ನು ತೋಡುವಾಗ ನಮ್ಮ ತಂದೆಯವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಕೇಳಿಬರುತ್ತಿದ್ದುದು ಉಳಿ ಕೊಡತಿಗಳ ಸದ್ದು ಮಾತ್ರ. ಹನ್ನೆರಡನೆಯ ಅರೆ ನೆಟ್ಟಗೆ ಕುಳಿತ ಮೇಲೆ ಮಾತು ಹೊರಡುವುದು; ಹೊರಟರೆ ನಿಲ್ಲುತ್ತಿರಲಿಲ್ಲ.

ಪಟ್ಟಿ ಹಾಕುವ ದಿನವಂತೂ ಬೀದಿಗೆ ಬೀದಿಯೇ ಸೇರುತ್ತಿತ್ತು. ಪಟ್ಟಿಯ ಸುತ್ತಳತೆ ಚಕ್ರದ ಸುತ್ತಳತೆಗಿಂತ ತುಸು ಕಿರಿದಾಗಿರಬೇಕು. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಕಮ್ಮಾರನೂ ಇವರೂ ಇಕ್ಕಳಗಳಿಂದೆತ್ತಿ ತೊಡಿಸಿದೊಡನೆ ಮರ ಹೊತ್ತಿಕೊಳ್ಳುತ್ತದೆ, ಕೊಡಗಟ್ಟಲೆ ನೀರು ಸುರಿಯಬೇಕು. ಕಬ್ಬಿಣ ಕುಗ್ಗಿ ಸಂದುಗಳೆಲ್ಲ ಕಿರುಗುಟ್ಟುತ್ತ ಬಿಗಿದುಕೊಳ್ಳುತ್ತವೆ. ಆ ಹೊಗೆ ಆವಿಗಳ ನಡುವೆ ನಿಂತು, “ನೋಡಿರಪ್ಪಾ, ಹನ್ನೆರಡು ಮಂದಿ ಸೊಸೆಯರು ಒಂದೇ ಮನೆಯಲ್ಲಿ ಬಾಳಬೇಕಾದರೆ ಸುತ್ತ ಇಂಥ ಒಬ್ಬಳು ಅತ್ತೆ ಬೇಕು” ಎಂದು ಅವರು ನಕ್ಕರೆ ಕೆರೆಯ ಏರಿಯವರೆಗೂ ಕೇಳಿಸುತ್ತಿತ್ತು.

ನನ್ನನ್ನು ಸಂಸ್ಕೃತ ಪಾಠಶಾಲೆಗೆ ಸೇರಿಸಿದವರೂ ಅವರೇ. ಅಲ್ಲಿ ಭರತಮುನಿ ನಗೆಯಲ್ಲಿ ಆರು ಬಗೆಗಳನ್ನು ಹೇಳಿರುವನೆಂದು ಕಲಿತೆನು. ಸ್ಮಿತ ಹಸಿತಗಳು ಉತ್ತಮರವು, ವಿಹಸಿತ ಉಪಹಸಿತಗಳು ಮಧ್ಯಮರವು, ಅಪಹಸಿತ ಅತಿಹಸಿತಗಳು ಅಧಮರವು. ಕಣ್ಣಲ್ಲಿ ನೀರು, ಏರಿದ ದನಿ, ಪಕ್ಕೆಗಳನ್ನು ಹಿಡಿದ ಕೈಗಳು, ಇವು ಅತಿಹಸಿತದ ಲಕ್ಷಣ. ನಮ್ಮ ತಂದೆಯವರನ್ನು ನೋಡಿಯೇ ಬರೆದಂತಿತ್ತು! ಆ ಲಕ್ಷಣವನ್ನು ಓದಿದ ದಿನ ನನಗಾದ ನಾಚಿಕೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನಾಟಕದ ಪಾತ್ರಗಳಿಗಾಗಿ ಹೇಳಿದ ಲಕ್ಷಣದಿಂದ ಹೆತ್ತ ತಂದೆಯನ್ನು ಅಳೆದೆನು.

ಒಮ್ಮೆ ರಜಕ್ಕೆ ಬಂದಿದ್ದಾಗ ಮುಂಡಕೋಪನಿಷತ್ತನ್ನು ಪಠಿಸುತ್ತಿದ್ದೆ. ಅರ್ಥವೇನೆಂದು ಕೇಳಿದರು. ರಥದ ಗುಂಬದಲ್ಲಿ ಅರೆಗಳು ಸೇರಿಕೊಂಡಿರುವಂತೆ ನಾಡಿಗಳೆಲ್ಲ ಹೃದಯದಲ್ಲಿ ಸೇರಿಕೊಂಡಿವೆ ಎಂದು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಒಳಗಡೆ ಗುಂಬ ಹಿಡಿದುಕೊಂಡಿತು, ಸರಿ. ಹೊರಗಡೆ ಅರೆಗಳನ್ನು ಹಿಡಿದವರು ಯಾರು, ಶಾಸ್ತ್ರಿಗಳೇ? ನಿಮ್ಮ ಋಷಿಗಳು ಕೂಲಿಯನ್ನು ಪೂರ್ತಿ ಕೊಡಲಿಲ್ಲವೆಂದು ಕಾಣುತ್ತದೆ, ಬಡಗಿ ಅರ್ಧಕ್ಕೇ ಬಿಟ್ಟುಹೋಗಿದ್ದಾನೆ” ಎಂದು ಪಕ್ಕೆ ಹಿಡಿದುಕೊಂಡರು. “ಶ್ರುತಿಯನ್ನು ಪರಿಹಾಸ್ಯ ಮಾಡಬಾರದಪ್ಪ, ನಿಮಗೆ ಇದೆಲ್ಲ ತಿಳಿಯುವುದಿಲ್ಲ” ಎಂದೆನು. ನಗೆ ನಿಂತಿತು. “ತಪ್ಪಾಯಿತಪ್ಪ” ಎಂದು ಎದ್ದು ಹೊರಗೆ ಹೋದರು. ಆ ಮೇಲೆ ನನ್ನ ಪುಸ್ತಕಗಳ ಎದುರಿಗೆ ಅವರು ನಕ್ಕದ್ದನ್ನು ನಾನು ಕಾಣಲಿಲ್ಲ.

ವಿನೋದಶೀಲರೆಲ್ಲ ನಿರ್ದೋಷಿಗಳೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಸುಗ್ಗಿಯಲ್ಲಿ ಕೊಡುವೆವೆಂದವರು ಕೊಡದಿದ್ದಾಗ ತಂದೆಯವರು ಒಂದು ತಮಾಷೆಯ ಮಾತಾಡಿ ಬಿಟ್ಟುಬಿಡುತ್ತಿದ್ದರು. ನಮ್ಮ ತಾಯಿಯ ಮೂಗುಬಟ್ಟು ಎರಡು ಸಲ ಒತ್ತೆಗೆ ಹೋಯಿತು. ಆಕೆ ಆ ತಮಾಷೆಗಳಿಗೆ ನಗುತ್ತಿರಲಿಲ್ಲ. ನಗೆಯನ್ನು ಸ್ಮರಿಸಬಹುದಾದರೆ ಇದನ್ನೂ ಸ್ಮರಿಸಬೇಕು. ಇದನ್ನು ಬಿಟ್ಟರೆ ನಾನು ಮತ್ತೊಂದು ವಸುರೂಪವನ್ನು ಕಡೆದಂತಾಗುತ್ತದೆ.

ಹಾಗಿದ್ದರೂ ಅವರ ನಗೆ ಚಪಲತೆಯಿಂದ ಬಂದುದೆಂದು ಹೇಳಲಾರೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಮಾನಸ ತಪಸ್ಸನ್ನು ವಿವರಿಸುವಲ್ಲಿ ಮನಃಪ್ರಸಾದಕ್ಕೆ ಮೊದಲ ಸ್ಥಾನ, ಮೌನ ಆಮೇಲೆ ಬರುತ್ತದೆ. ಪ್ರಸನ್ನತೆಯನ್ನು ತಪಸ್ಸೆಂದು ಏಕೆ ಎಣಿಸಬೇಕು? ಅದು ಸುಲಭವಾದುದಲ್ಲವೆಂದೇ ಇರಬೇಕು. ಮೂವತ್ತು ವರ್ಷ ಪಾಠ ಹೇಳಿದ ನಾನು ತರಗತಿಯಲ್ಲಿ ಮನಸಾರೆ ನಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಅದನ್ನು ಗಾಂಭೀರ್ಯವೆಂದು ಭಾವಿಸಿಕೊಂಡಿದ್ದೆ. ಬಹುಮಟ್ಟಿಗೆ ಅದು ತಪ್ಪಿಬಿಟ್ಟೇನೆಂಬ ಅಂಜಿಕೆ. ತಂದೆಯವರಿಗೆ ಆ ಅಂಜಿಕೆ ಇರಲಿಲ್ಲ. ಅವರ ರಂಧ್ರ ಸರಿಯಾಗಿರುತ್ತಿತ್ತು.

ಅವರು ಕಾಲವಾದ ಎರಡು ವರ್ಷಗಳ ಮೇಲೆ ಬೃಹದಾರಣ್ಯಕದ ಮಧುಬ್ರಾಹ್ಮಣವನ್ನು ಓದುತ್ತಿದ್ದೆ. ಅಲ್ಲಿಯೂ ಅದೇ ರಥಚಕ್ರದ ಉಪಮೆ. ಆದರೆ ಅಲ್ಲಿ ಅರೆಗಳು ನಾಭಿಯಲ್ಲಿಯೂ ನೇಮಿಯಲ್ಲಿಯೂ, ಎಂದರೆ ಒಳಗಿನ ಗುಂಬದಲ್ಲಿಯೂ ಹೊರಗಿನ ಸುತ್ತಿನಲ್ಲಿಯೂ ಸೇರಿಕೊಂಡಿವೆಯೆಂದಿದೆ. ಪುಸ್ತಕವನ್ನು ಕೆಳಗಿಟ್ಟೆನು. ಅವರು ಕೇಳಿದ್ದು ಪರಿಹಾಸ್ಯವೂ ಹೌದು, ಬಡಗಿ ಕೇಳಲೇಬೇಕಾದ ಪ್ರಶ್ನೆಯೂ ಹೌದು. ಉತ್ತರ ಶ್ರುತಿಯಲ್ಲಿಯೇ ಇತ್ತು, ಕೇಳಿದವರಿರಲಿಲ್ಲ.

ಈ ವರ್ಷ ಶ್ರಾದ್ಧ ಮುಗಿದು ತಾಂಬೂಲದ ಹೊತ್ತಿನಲ್ಲಿ ನನ್ನ ಮೊಮ್ಮಗನು ಮುತ್ತಾತ ಹೇಗಿದ್ದರೆಂದು ಕೇಳಿದನು. ಹನ್ನೆರಡು ಸೊಸೆಯರ ಮಾತನ್ನು ಹೇಳಿದೆ. ಹುಡುಗನು ಪಕ್ಕೆ ಹಿಡಿದುಕೊಂಡು ನಕ್ಕನು. ಅಕಾಲದ ನಗೆಗೆ ಪುರೋಹಿತರು ಏನೆನ್ನುವರೋ ಎಂದು ನಾನು ಅತ್ತ ತಿರುಗಿದೆ. ದಕ್ಷಿಣೆಯನ್ನು ಉತ್ತರೀಯದ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ಅವರು ತಲೆಯೆತ್ತಿ, “ಅದು ಸರಿ ಸ್ವಾಮಿ, ಹದಿಮೂರನೆಯ ಸೊಸೆ ಬಂದರೆ ಏನು ಮಾಡುತ್ತಿದ್ದರು?” ಎಂದು ಕೇಳಿದರು.